ಆನ್ ಮಾಡಿದಾಗಲೆಲ್ಲ ಪಾಸ್‌ವರ್ಡ್ ಕೇಳುವ ಮನೆಯ ಕಂಪ್ಯೂಟರ್: ಸರಿಪಡಿಸುವ ಕ್ರಮ, ಹಂತ ಹಂತವಾಗಿ

ಮನೆಯಲ್ಲಿ ಒಂದೇ ಕಂಪ್ಯೂಟರ್, ಬಳಸುವವರು ಇಬ್ಬರೋ ಮೂವರೋ. ಆದರೂ ಆನ್ ಮಾಡಿದ ಕೂಡಲೇ ಹೆಸರು ತೋರಿಸಿ, ಪಾಸ್‌ವರ್ಡೋ ಪಿನ್ನೋ ಹಾಕುವ ತನಕ ಮುಂದಕ್ಕೆ ಹೋಗುವುದಿಲ್ಲ. ಇದನ್ನು ತೆಗೆಯುವುದು ಹೇಗೆ ಎಂದು ಹುಡುಕಿದರೆ ಎಲ್ಲ ಕಡೆ ಒಂದೇ ಉತ್ತರ ಸಿಗುತ್ತದೆ: ‘ನೆಟ್‌ಪಿಎಲ್‌ವಿಜ್ ತೆರೆದು ಟಿಕ್ ತೆಗೆಯಿರಿ’. ಅದು ವಿಂಡೋಸಿನ ಬಳಕೆದಾರರ ಪಟ್ಟಿ ತೋರಿಸುವ ಕಿಟಕಿ; ಒಳಗೆ ಬರಲು ಹೆಸರು, ಪಾಸ್‌ವರ್ಡ್ ಹಾಕಲೇಬೇಕು ಎಂಬ ಟಿಕ್ ಅದರ ಮೇಲ್ಭಾಗದಲ್ಲಿ ಇರುತ್ತದೆ. ತುಂಬಾ ಜನ ಹಾಗೇ ಮಾಡುತ್ತಾರೆ, ರೀಸ್ಟಾರ್ಟ್ ಮಾಡುತ್ತಾರೆ, ಮತ್ತೆ ಅದೇ ಪರದೆ. ಕೆಲವರಿಗೆ ಆ ಟಿಕ್ ಬಾಕ್ಸೇ ಕಾಣುವುದಿಲ್ಲ.

ನೆಂಟರ ಮನೆಗಳಲ್ಲಿ ಈ ಕೆಲಸವನ್ನು ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ. ಕೆಲಸ ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದು, ಪಾಸ್‌ವರ್ಡ್ ಹಾಕಬೇಕಾದ ಕಡೆ ಪಿನ್ ಹಾಕುವುದು. ಇನ್ನೊಂದು, ಹಂತಗಳನ್ನು ಹಿಂದುಮುಂದು ಮಾಡುವುದು. ಹಾಗಾಗಿ ಕೆಳಗೆ ಕೊಟ್ಟ ಕ್ರಮದಲ್ಲೇ ಹೋಗಿ. ಒಂದು ಹಂತ ಸರಿಹೋಗದೆ ಮುಂದಿನದಕ್ಕೆ ಹೋಗಬೇಡಿ.

ಇದು ವಿಂಡೋಸ್ 11 ಮತ್ತು ವಿಂಡೋಸ್ 10 ಎರಡಕ್ಕೂ ಆಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೆ ಈ ಸೆಟ್ಟಿಂಗ್‌ಗಳು ಅಲ್ಲಿ ಮೊದಲಿನಂತೆಯೇ ಕೆಲಸ ಮಾಡುತ್ತವೆ.

## ಕೈ ಹಾಕುವ ಮೊದಲು: ಇದನ್ನು ತೆಗೆಯಬಹುದಾ?

ಹೊರಗೆ ತೆಗೆದುಕೊಂಡು ಹೋಗುವ ಲ್ಯಾಪ್‌ಟಾಪ್ ಆದರೆ ದಯವಿಟ್ಟು ತೆಗೆಯಬೇಡಿ. ಬಸ್ಸಿನಲ್ಲೋ ರೈಲಿನಲ್ಲೋ ಕಳೆದುಹೋದರೆ, ಸಿಕ್ಕವರು ಆನ್ ಮಾಡಿದ ಕೂಡಲೇ ನಿಮ್ಮ ಜಿಮೇಲ್, ಫೋಟೋ, ಬ್ರೌಸರಿನಲ್ಲಿ ಉಳಿಸಿದ ಬ್ಯಾಂಕ್ ಪಾಸ್‌ವರ್ಡ್ ಎಲ್ಲ ಅವರ ಮುಂದೆ ಇರುತ್ತದೆ. ಪಿಜಿ, ಹಾಸ್ಟೆಲ್‌ಗಳಲ್ಲಿ ಇರುವವರಿಗೂ ಇದೇ ಮಾತು. ಅಂಥವರು ಪಿನ್ ಅಥವಾ ಬೆರಳಚ್ಚು ಇಟ್ಟುಕೊಳ್ಳುವುದೇ ಒಳ್ಳೆಯದು, ಎರಡು ಸೆಕೆಂಡಿನ ಕೆಲಸ ಅದು.

ಮನೆಯ ಮೂಲೆಯಲ್ಲಿ ಕೂತಿರುವ ಡೆಸ್ಕ್‌ಟಾಪ್, ವಯಸ್ಸಾದ ಅಪ್ಪ ಅಮ್ಮ ಬಳಸುವ ಕಂಪ್ಯೂಟರ್, ಕೀಲಿಮಣೆಯ ಅಕ್ಷರ ಹುಡುಕಲು ಕಷ್ಟಪಡುವವರು: ಇಂಥ ಕಡೆ ತೆಗೆದರೆ ನಿಜಕ್ಕೂ ಉಪಕಾರ.

ಮೊದಲೇ ಹೊಂದಿಸಿಕೊಳ್ಳಬೇಕಾದದ್ದು ಇಷ್ಟು. ಮೈಕ್ರೋಸಾಫ್ಟ್ ಖಾತೆಯ ಇಮೇಲ್ ಮತ್ತು ಅದರ ಪಾಸ್‌ವರ್ಡ್. ಒಟಿಪಿ ಬರುವ ಫೋನ್. ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಖಾತೆ. ಮುಖ್ಯ ಫೋಟೋ, ಕಡತಗಳ ಒಂದು ನಕಲು ಪೆನ್ ಡ್ರೈವ್‌ನಲ್ಲಿ. ಅರ್ಧ ಗಂಟೆ ಸಮಯ.

## 1. ಕೇಳುತ್ತಿರುವುದು ಯಾರು ಎಂದು ಮೊದಲು ಗುರುತಿಸಿ

‘ಪಾಸ್‌ವರ್ಡ್ ಕೇಳ್ತಿದೆ’ ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ. ಆದರೆ ಕೇಳುವವರು ಬೇರೆ ಬೇರೆ. ಮೊಬೈಲಿನಲ್ಲಿ ಆ ಪರದೆಯ ಒಂದು ಫೋಟೋ ತೆಗೆದುಕೊಳ್ಳಿ, ಆಮೇಲೆ ಇದನ್ನು ಓದಿ.

ವಿಂಡೋಸ್ ಲಾಂಛನ ಬರುವ ಮೊದಲೇ, ಖಾಲಿ ಕಪ್ಪು ಪರದೆಯಲ್ಲಿ ಕೇಳಿದರೆ ಅದು ಬಯಾಸ್ (ವಿಂಡೋಸಿಗೂ ಮೊದಲು ಓಡುವ, ಕಂಪ್ಯೂಟರಿನದೇ ಸಣ್ಣ ಪ್ರೋಗ್ರಾಂ) ಪಾಸ್‌ವರ್ಡ್. ವಿಂಡೋಸ್ ಒಳಗೆ ಏನು ಮಾಡಿದರೂ ಹೋಗುವುದಿಲ್ಲ. ಆನ್ ಮಾಡಿದ ಕೂಡಲೇ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗಿ (ಯಾವ ಕೀ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ). ಸೆಕ್ಯುರಿಟಿ ಭಾಗದಲ್ಲಿ ಹಳೆಯ ಪಾಸ್‌ವರ್ಡ್ ಹಾಕಿ, ಹೊಸದರ ಜಾಗ ಖಾಲಿ ಬಿಟ್ಟು ಉಳಿಸಿ. ಹಳೆಯದು ಮರೆತಿದ್ದರೆ, ಹಲವು ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ತೆಗೆದು ಹಾಕಿದರೆ ಅದು ಅಳಿಸಿಹೋಗುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಸರ್ವಿಸ್ ಸೆಂಟರಿಗೇ ಹೋಗಬೇಕು.

ನೀಲಿ ಪರದೆಯಲ್ಲಿ ‘ರಿಕವರಿ ಕೀ’ ಕೇಳಿದರೆ ಅದು ಬಿಟ್‌ಲಾಕರ್. ಡಿಸ್ಕ್‌ಗೆ ಹಾಕಿದ ಬೀಗ. ಅದಕ್ಕೆ 48 ಅಂಕಿಗಳ ಕೀ ಬೇಕು. ಮನೆಯ ಕಂಪ್ಯೂಟರ್‌ಗಳಲ್ಲಿ ಅದು ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಫೋನಿನಲ್ಲಿ ಆ ಖಾತೆಗೆ ಲಾಗಿನ್ ಆಗಿ ‘ಡಿವೈಸಸ್’ ಭಾಗದಲ್ಲಿ ಹುಡುಕಿ. ಕೀ ಸಿಗದೆ ಬೇರೇನೂ ಪ್ರಯತ್ನ ಮಾಡಬೇಡಿ.

ಡೆಸ್ಕ್‌ಟಾಪ್ ಬಂದ ಮೇಲೆ ಒಂದು ಸಣ್ಣ ಪೆಟ್ಟಿಗೆ ತೆರೆದುಕೊಂಡರೆ ಅದು ವಿಂಡೋಸಿನ ಬೀಗ ಅಲ್ಲವೇ ಅಲ್ಲ. ಒನ್‌ಡ್ರೈವ್, ಟೀಮ್ಸ್‌ನಂಥ ಯಾವುದೋ ಆಪ್ ತನ್ನಷ್ಟಕ್ಕೆ ಶುರುವಾಗಿ ಲಾಗಿನ್ ಕೇಳುತ್ತಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಸ್ಟಾರ್ಟಪ್ ಪಟ್ಟಿಯಲ್ಲಿ ಆ ಆಪ್ ಹುಡುಕಿ ಡಿಸೇಬಲ್ ಮಾಡಿ, ಮುಗಿಯಿತು. ಪೆಟ್ಟಿಗೆಯಲ್ಲಿ ‘ನೆಟ್‌ವರ್ಕ್ ಕ್ರೆಡೆನ್ಷಿಯಲ್ಸ್’ ಎಂದಿದ್ದರೆ, ಹಿಂದೆ ಯಾವಾಗಲೋ ಇನ್ನೊಂದು ಕಂಪ್ಯೂಟರಿನ ಫೋಲ್ಡರನ್ನು ಇಲ್ಲಿಗೆ ಜೋಡಿಸಿಟ್ಟಿರುತ್ತೀರಿ. ‘ದಿಸ್ ಪಿಸಿ’ ತೆರೆದು ಆ ನೆಟ್‌ವರ್ಕ್ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್‌ಕನೆಕ್ಟ್’ ಕೊಡಿ.

ವಾಲ್‌ಪೇಪರ್ ಮೇಲೆ ನಿಮ್ಮ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಅಥವಾ ಪಿನ್ ಜಾಗ ಕಂಡರೆ ಅದೇ ವಿಂಡೋಸ್ ಲಾಗಿನ್. ಮುಂದಿನ ಹಂತಗಳೆಲ್ಲ ಇದಕ್ಕೆ.

## 2. ಎಷ್ಟು ಖಾತೆಗಳಿವೆ ನೋಡಿ

ಒಂದಕ್ಕಿಂತ ಹೆಚ್ಚು ಖಾತೆ ಇದ್ದರೆ, ಒಂದಕ್ಕೂ ಪಾಸ್‌ವರ್ಡ್ ಇಲ್ಲದಿದ್ದರೂ, ಯಾರು ಒಳಗೆ ಬರುತ್ತಿದ್ದಾರೆ ಎಂದು ಕೇಳಲು ವಿಂಡೋಸ್ ನಿಲ್ಲುತ್ತದೆ. ‘ನನಗೆ ಪಾಸ್‌ವರ್ಡೇ ಇಲ್ಲ, ಆದರೂ ಹೆಸರು ಒತ್ತಬೇಕು’ ಎನ್ನುವವರ ತೊಂದರೆ ಇದೇ.

ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಬಲ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಇಂಗ್ಲಿಷಿನಲ್ಲಿ ‘ನೆಟ್ ಯೂಸರ್’ ಎಂದು ಎರಡು ಪದ ಟೈಪ್ ಮಾಡಿ ಎಂಟರ್ ಒತ್ತಿ. ಖಾತೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಅಡ್ಮಿನಿಸ್ಟ್ರೇಟರ್, ಗೆಸ್ಟ್, ಡೀಫಾಲ್ಟ್‌ಅಕೌಂಟ್, ಡಬ್ಲ್ಯುಡಿಎಜಿ ಯುಟಿಲಿಟಿ ಅಕೌಂಟ್ ಎಂಬ ಹೆಸರುಗಳು ಇದ್ದರೆ ಗಾಬರಿ ಬೇಡ. ಅವು ವಿಂಡೋಸಿನದೇ, ಸಾಮಾನ್ಯವಾಗಿ ಮಲಗಿರುತ್ತವೆ. ಮುಟ್ಟಬೇಡಿ.

‘ಡೀಫಾಲ್ಟ್‌ಯೂಸರ್0’ ಎಂಬ ಹೆಸರಿದ್ದರೆ, ಅದು ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಹುಟ್ಟಿ, ಅಳಿಯದೆ ಉಳಿದದ್ದು. ಲಾಗಿನ್ ಪರದೆಯಲ್ಲಿ ಇದು ಕಾಣಿಸಿಕೊಂಡು ಪಾಸ್‌ವರ್ಡ್ ಕೇಳಿದರೆ ಜನ ಹೆದರುತ್ತಾರೆ, ಯಾರೋ ಹ್ಯಾಕ್ ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅದೇ ಕಪ್ಪು ಕಿಟಕಿಯಲ್ಲಿ ‘ನೆಟ್ ಯೂಸರ್’, ಆಮೇಲೆ ಆ ಖಾತೆಯ ಹೆಸರು, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಗೆರೆ (/), ಅದಕ್ಕೆ ಅಂಟಿದಂತೆ ‘ಡಿಲೀಟ್’ ಎಂದು ಟೈಪ್ ಮಾಡಿದರೆ ಹೋಗುತ್ತದೆ.

ಮಗನಿಗೆ ಆನ್‌ಲೈನ್ ಕ್ಲಾಸಿಗೆಂದು ಮಾಡಿದ್ದ ಹಳೆಯ ಖಾತೆ ಈಗ ಬೇಡವಾಗಿದ್ದರೆ ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ನಲ್ಲಿ ಅಳಿಸಬಹುದು. ಆದರೆ ನಿಲ್ಲಿ, ಖಾತೆ ಅಳಿಸಿದರೆ ಅದರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋಗಳೂ ಹೋಗುತ್ತವೆ. ಮೊದಲು ಆ ಖಾತೆಗೆ ಹೋಗಿ ಬೇಕಾದದ್ದನ್ನೆಲ್ಲ ನಕಲು ಮಾಡಿಕೊಳ್ಳಿ.

ಇಲ್ಲೇ ಇನ್ನೊಂದನ್ನೂ ನೋಡಿಬಿಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’. ಅಲ್ಲಿ ಆಫೀಸಿನ ಅಥವಾ ಕಾಲೇಜಿನ ಇಮೇಲ್ ಜೋಡಿಸಿದ್ದರೆ, ಪಾಸ್‌ವರ್ಡ್ ಕಡ್ಡಾಯ ಎಂಬ ನಿಯಮ ಅಲ್ಲಿಂದ ಬರುತ್ತಿರಬಹುದು. ನಿಮ್ಮ ಸ್ವಂತ ಕಂಪ್ಯೂಟರ್ ಆಗಿದ್ದು, ಆ ಕೆಲಸ ಬಿಟ್ಟಿದ್ದರೆ ಅದನ್ನು ಡಿಸ್‌ಕನೆಕ್ಟ್ ಮಾಡಿ. ಕಂಪ್ಯೂಟರೇ ಆಫೀಸಿನದಾದರೆ ಮುಂದೆ ಓದಬೇಡಿ, ಅವರ ಐಟಿ ವಿಭಾಗವನ್ನೇ ಕೇಳಬೇಕು.

## 3. ‘ವಿಂಡೋಸ್ ಹೆಲೋ ಮಾತ್ರ’ ಸ್ವಿಚ್ ಆಫ್ ಮಾಡಿ

ಟಿಕ್ ಬಾಕ್ಸ್ ಕಾಣದವರಿಗೆ ಉತ್ತರ ಇಲ್ಲಿದೆ. ಸೆಟ್ಟಿಂಗ್ಸ್, ಅಕೌಂಟ್ಸ್, ‘ಸೈನ್-ಇನ್ ಆಪ್ಷನ್ಸ್’ಗೆ ಹೋಗಿ. ಕೆಳಗೆ ‘ಅಡಿಷನಲ್ ಸೆಟ್ಟಿಂಗ್ಸ್’ನಲ್ಲಿ, ಮೈಕ್ರೋಸಾಫ್ಟ್ ಖಾತೆಗೆ ವಿಂಡೋಸ್ ಹೆಲೋ ಮೂಲಕ ಮಾತ್ರ ಲಾಗಿನ್ ಬಿಡು ಎಂಬರ್ಥದ ಒಂದು ಸ್ವಿಚ್ ಇರುತ್ತದೆ. ಹೆಲೋ ಎಂದರೆ ಪಿನ್, ಮುಖ, ಬೆರಳಚ್ಚು. ಈ ಸ್ವಿಚ್ ಆನ್ ಇರುವ ತನಕ ಪಾಸ್‌ವರ್ಡಿನ ದಾರಿ ಪೂರ್ತಿ ಮುಚ್ಚಿರುತ್ತದೆ. ಆ ಟಿಕ್ ಬಾಕ್ಸ್ ಪಾಸ್‌ವರ್ಡನ್ನು ನಂಬಿಕೊಂಡದ್ದು, ಹಾಗಾಗಿ ಅದೂ ಮರೆಯಾಗುತ್ತದೆ. ಪಿನ್ ತೆಗೆಯಲು ಹೋದರೆ ‘ರಿಮೂವ್’ ಬಟನ್ ಮಸುಕಾಗಿ ಕಾಣುವುದಕ್ಕೂ ಇದೇ ಕಾರಣ.

ಆಫ್ ಮಾಡಿ. ಅದೇ ಪುಟದಲ್ಲಿ, ಅಪ್‌ಡೇಟ್ ಆದ ಮೇಲೆ ನಿಮ್ಮ ಸೈನ್-ಇನ್ ಮಾಹಿತಿ ಬಳಸಿ ಕೆಲಸ ಮುಗಿಸುವ ಸ್ವಿಚ್ ಒಂದಿರುತ್ತದೆ. ಅದನ್ನೂ ಆಫ್ ಮಾಡಿ, ಅಪ್‌ಡೇಟ್ ಆದ ಮರುದಿನ ಹೆಸರುಗಳು ಗೊಂದಲವಾಗುವುದು ಅದರಿಂದಲೂ ಆಗುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿ.

ಆ ಸ್ವಿಚ್ಚೇ ಇಲ್ಲದಿದ್ದರೆ ರಿಜಿಸ್ಟ್ರಿಗೆ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಒಳಗೆ ಬರೆದಿಟ್ಟುಕೊಳ್ಳುವ ಜಾಗ) ಕೈ ಹಾಕುವ ದಾರಿ ಒಂದಿದೆ, ಆದರೆ ಈ ಕೆಲಸ ಮೊದಲ ಸಲ ಮಾಡುತ್ತಿರುವವರಿಗೆ ಅದನ್ನು ನಾನು ಹೇಳುವುದಿಲ್ಲ. ನಾಲ್ಕನೇ ಹಂತ ಮುಗಿಸಿ ನೇರವಾಗಿ ಎಂಟಕ್ಕೆ ಹೋಗಿ.

## 4. ಒಂದು ಸಲ ಪಾಸ್‌ವರ್ಡಿನಿಂದಲೇ ಒಳಗೆ ಬನ್ನಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಕೆಲಸ ಕೆಡುವುದೂ ಇಲ್ಲೇ.

ಪಿನ್ ಎನ್ನುವುದು ಈ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ ಸಂಖ್ಯೆ. ಪಾಸ್‌ವರ್ಡ್ ನಿಮ್ಮ ಮೈಕ್ರೋಸಾಫ್ಟ್ ಖಾತೆಯದು. ವರ್ಷಗಟ್ಟಲೆ ಪಿನ್ ಹಾಕಿ ಹಾಕಿ, ಪಾಸ್‌ವರ್ಡ್ ಏನಿತ್ತು ಎನ್ನುವುದೇ ಮರೆತುಹೋಗಿರುತ್ತದೆ, ಅಲ್ವಾ? ಕಂಪ್ಯೂಟರ್ ತಾನಾಗಿ ಲಾಗಿನ್ ಆಗಲು ಬೇಕಾಗಿರುವುದು ಆ ಪಾಸ್‌ವರ್ಡ್. ಪಿನ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸೈನ್ ಔಟ್ ಆಗಿ. ಲಾಗಿನ್ ಪರದೆಯಲ್ಲಿ ‘ಸೈನ್-ಇನ್ ಆಪ್ಷನ್ಸ್’ ಒತ್ತಿದರೆ ಕೀಲಿಕೈ ಚಿತ್ರ ಕಾಣುತ್ತದೆ. ಅದನ್ನು ಆರಿಸಿ ಪಾಸ್‌ವರ್ಡ್ ಟೈಪ್ ಮಾಡಿ. ಕಣ್ಣಿನ ಚಿತ್ರ ಒತ್ತಿ ಹಿಡಿದರೆ ಏನು ಟೈಪ್ ಆಗಿದೆ ಎಂದು ಓದಬಹುದು. ಒಳಗೆ ಬಿಟ್ಟರೆ ಪಾಸ್‌ವರ್ಡ್ ಸರಿಯಿದೆ, ಮುಂದಕ್ಕೆ ಹೋಗಿ.

ಬಿಡದಿದ್ದರೆ ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ, ಇವನ್ನು ನೋಡಿ:

- ಪರದೆಯ ಬಲ ಮೂಲೆಯಲ್ಲಿ ಕೀಲಿಮಣೆಯ ಭಾಷೆ ಏನಿದೆ? ಕನ್ನಡ ಕೀಲಿಮಣೆ ಸೇರಿಸಿಕೊಂಡವರಿಗೆ ಇದು ದೊಡ್ಡ ತೊಡಕು. ಇಂಗ್ಲಿಷ್ ಇರದಿದ್ದರೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿ ಬದಲಿಸಿ.
- ಕ್ಯಾಪ್ಸ್ ಲಾಕ್ ಆನ್ ಆಗಿದೆಯಾ? ಬಲಗಡೆಯ ಅಂಕಿಗಳನ್ನು ಬಳಸುವವರಾದರೆ ನಮ್ ಲಾಕ್ ಆನ್ ಇದೆಯಾ?
- ಪಾಸ್‌ವರ್ಡನ್ನು ಫೋನಿನಲ್ಲಿ ಇತ್ತೀಚೆಗೆ ಬದಲಿಸಿದ್ದೀರಾ? ಹಾಗಿದ್ದರೆ ಇಂಟರ್‌ನೆಟ್ ಜೋಡಿಸಿಕೊಂಡು ಹೊಸದನ್ನು ಹಾಕಿ.

ಪಾಸ್‌ವರ್ಡ್ ಮರೆತೇ ಹೋಗಿದ್ದರೆ ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ ‘ಫರ್ಗಾಟ್ ಪಾಸ್‌ವರ್ಡ್’ ಮೂಲಕ ಹೊಸದು ಮಾಡಿಕೊಳ್ಳಿ. ಇನ್ನೊಂದು ವಿಷಯ. 2025ರ ಮೇ ತಿಂಗಳಿಂದ ಹೊಸ ಮೈಕ್ರೋಸಾಫ್ಟ್ ಖಾತೆಗಳು ಪಾಸ್‌ವರ್ಡ್ ಇಲ್ಲದೆಯೇ ಶುರುವಾಗುತ್ತಿವೆ. ನಿಮ್ಮದು ಅಂಥ ಹೊಸ ಖಾತೆಯಾದರೆ ಹಾಕಲು ಪಾಸ್‌ವರ್ಡೇ ಇರುವುದಿಲ್ಲ. ಆಗ ಒಂಬತ್ತನೇ ಹಂತದ ದಾರಿ ನಿಮ್ಮದು.

## 5. ಈಗ ಆ ಟಿಕ್ ತೆಗೆಯಿರಿ

ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಸಣ್ಣ ಪೆಟ್ಟಿಗೆಯಲ್ಲಿ ‘ನೆಟ್‌ಪಿಎಲ್‌ವಿಜ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಅಕ್ಷರಗಳು ಹೀಗೆ: ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಝಡ್. ನಡುವೆ ಜಾಗ ಬೇಡ. ಎಂಟರ್ ಒತ್ತಿ.

ಬಳಕೆದಾರರ ಪಟ್ಟಿ ಬರುತ್ತದೆ. ಮೊದಲು, ಯಾರ ಖಾತೆ ತಾನಾಗಿ ತೆರೆಯಬೇಕೋ ಅವರ ಹೆಸರನ್ನು ಒಮ್ಮೆ ಒತ್ತಿ ಆರಿಸಿ. ಆಮೇಲೆ ಮೇಲಿರುವ ಟಿಕ್ ತೆಗೆಯಿರಿ. ಹೆಸರು ಆರಿಸದೆ ಟಿಕ್ ತೆಗೆದು ಬೇರೆಯವರ ಖಾತೆಯನ್ನು ತೆರೆಸಿಕೊಂಡವರು ಇದ್ದಾರೆ.

‘ಅಪ್ಲೈ’ ಒತ್ತಿದರೆ ಹೆಸರು ಮತ್ತು ಎರಡು ಸಲ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬರುತ್ತದೆ. ಇಲ್ಲಿ ಬಹಳ ಎಚ್ಚರ ಬೇಕು. ಈ ಪೆಟ್ಟಿಗೆ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ನೋಡುವುದೇ ಇಲ್ಲ. ಎರಡೂ ಸಲ ಒಂದೇ ರೀತಿ ಟೈಪ್ ಮಾಡಿದ್ದರೆ ಸಾಕು, ಒಪ್ಪಿಕೊಂಡುಬಿಡುತ್ತದೆ. ಎರಡು ಸಲ ಪಿನ್ ಹಾಕಿದರೂ ಒಪ್ಪುತ್ತದೆ. ತಪ್ಪು ಗೊತ್ತಾಗುವುದು ರೀಸ್ಟಾರ್ಟ್ ಮಾಡಿದಾಗಲೇ. ನಾಲ್ಕನೇ ಹಂತವನ್ನು ಬಿಡಬೇಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಎರಡೂ ಜಾಗ ಖಾಲಿ ಬಿಟ್ಟು ‘ಓಕೆ’ ಕೊಡುವವರೂ ಇದ್ದಾರೆ, ಪಾಸ್‌ವರ್ಡ್ ಬೇಡ ಅಂತಲೇ ತಾನೆ ಮಾಡುತ್ತಿರುವುದು ಎಂದುಕೊಂಡು. ಖಾತೆಗೆ ಪಾಸ್‌ವರ್ಡ್ ಇದ್ದರೆ ಖಾಲಿ ಬಿಡಬಾರದು. ನಿಮ್ಮ ಬದಲು ವಿಂಡೋಸ್ ಅದನ್ನು ಹಾಕಿಕೊಳ್ಳಬೇಕು, ಆದ್ದರಿಂದ ಅದಕ್ಕೆ ಗೊತ್ತಿರಬೇಕು.

## 6. ರೀಸ್ಟಾರ್ಟ್ ಮಾಡಿ, ಏನಾಗುತ್ತದೆ ನೋಡಿ

ರೀಸ್ಟಾರ್ಟ್ ಒಮ್ಮೆ, ಪೂರ್ತಿ ಆಫ್ ಮಾಡಿ ಆನ್ ಒಮ್ಮೆ. ಎರಡರಲ್ಲೂ ನೇರ ಡೆಸ್ಕ್‌ಟಾಪ್ ಬಂದರೆ ಕೆಲಸ ಆಯಿತು.

‘ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪು’ ಎಂಬ ಸಂದೇಶ ಬಂದರೆ ಹೆದರಬೇಡಿ, ಓಕೆ ಒತ್ತಿದರೆ ಎಂದಿನ ಲಾಗಿನ್ ಬರುತ್ತದೆ. ನೆಟ್‌ಪಿಎಲ್‌ವಿಜ್ ತೆರೆದು ಟಿಕ್ ಮತ್ತೆ ಹಾಕಿ, ಅಪ್ಲೈ ಕೊಟ್ಟು, ಐದನೇ ಹಂತವನ್ನು ಮೊದಲಿನಿಂದ ಮಾಡಿ. ಹೆಸರಿನ ಜಾಗದಲ್ಲಿ ನಿಮ್ಮ ಇಮೇಲಿನ ಮೊದಲ ಐದು ಅಕ್ಷರ ಮಾತ್ರ ಇದ್ದರೆ, ಈ ಸಲ ಪೂರ್ತಿ ಇಮೇಲ್ ಹಾಕಿ ನೋಡಿ.

ಒಂದೇ ಹೆಸರು ಎರಡು ಸಲ ಕಾಣುತ್ತಿದೆಯಾ? ತಾನಾಗಿ ಲಾಗಿನ್ ಆಗುವಂತೆ ಮಾಡಿದ ಮೇಲೆ ಖಾತೆಯ ಹೆಸರನ್ನೋ ಬಗೆಯನ್ನೋ ಬದಲಿಸಿದರೆ ಹೀಗಾಗುತ್ತದೆ. ವಿಂಡೋಸ್ ಹಳೆಯ ಹೆಸರನ್ನು ಇನ್ನೂ ನೆನಪಿಟ್ಟುಕೊಂಡಿದೆ. ಟಿಕ್ ಹಾಕಿ ರೀಸ್ಟಾರ್ಟ್, ಮತ್ತೆ ಟಿಕ್ ತೆಗೆದು ಹೊಸದಾಗಿ ಹೆಸರು, ಪಾಸ್‌ವರ್ಡ್. ಖಾತೆ ಅಳಿಸುವ ತಪ್ಪು ಮಾತ್ರ ಮಾಡಬೇಡಿ, ಎರಡಾಗಿ ಕಂಡರೂ ಇರುವುದು ಒಂದೇ.

## 7. ನಿದ್ದೆಯಿಂದ ಎದ್ದಾಗ ಕೇಳುವುದು ಬೇರೆ

ಆನ್ ಮಾಡಿದಾಗ ಕೇಳುವುದಿಲ್ಲ, ಊಟ ಮುಗಿಸಿ ಬಂದರೆ ಕೇಳುತ್ತದೆ ಎಂದರೆ ಅದು ಸ್ಲೀಪ್‌ನ ಬೀಗ. ಸೈನ್-ಇನ್ ಆಪ್ಷನ್ಸ್‌ನಲ್ಲಿ, ನೀವು ದೂರ ಹೋಗಿ ಬಂದರೆ ಮತ್ತೆ ಯಾವಾಗ ಲಾಗಿನ್ ಕೇಳಬೇಕು ಎಂಬ ಸಾಲಿದೆ. ಅದನ್ನು ‘ನೆವರ್’ ಮಾಡಿ. ಸ್ಕ್ರೀನ್ ಸೇವರ್ ಇಟ್ಟಿದ್ದರೆ, ಅದರ ಸೆಟ್ಟಿಂಗ್‌ನಲ್ಲೂ ‘ಆನ್ ರೆಸ್ಯೂಮ್’ ಎಂದು ಶುರುವಾಗುವ ಟಿಕ್ ತೆಗೆಯಬೇಕು.

## 8. ಟಿಕ್ ಬಾಕ್ಸ್ ಸಿಗದವರಿಗೆ: ಆಟೋಲಾಗಾನ್

ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ವಿಭಾಗ ಉಚಿತವಾಗಿ ಕೊಡುವ ಸಣ್ಣ ಪ್ರೋಗ್ರಾಂ ಇದು. ಮೈಕ್ರೋಸಾಫ್ಟ್ ತಾಣದಿಂದ ಮಾತ್ರ ಇಳಿಸಿಕೊಳ್ಳಿ, ಬೇರೆಲ್ಲೂ ಬೇಡ. ತೆರೆದರೆ ಹೆಸರು, ಡೊಮೇನ್, ಪಾಸ್‌ವರ್ಡ್ ಮೂರು ಜಾಗ. ಮೊದಲೆರಡು ತುಂಬಿಯೇ ಇರುತ್ತವೆ. ಪಾಸ್‌ವರ್ಡ್ ಹಾಕಿ ‘ಎನೇಬಲ್’ ಒತ್ತಿ. ಬೇಡವಾದಾಗ ‘ಡಿಸೇಬಲ್’. ಒಮ್ಮೆ ಮಾತ್ರ ಲಾಗಿನ್ ಪರದೆ ಬೇಕೆಂದರೆ ಆನ್ ಆಗುವಾಗ ಶಿಫ್ಟ್ ಕೀ ಹಿಡಿದುಕೊಳ್ಳಿ.

ಇದು ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಇಡುತ್ತದೆ. ಕೆಲವು ವಿಡಿಯೋಗಳಲ್ಲಿ ರಿಜಿಸ್ಟ್ರಿಯಲ್ಲಿ ‘ಡೀಫಾಲ್ಟ್ ಪಾಸ್‌ವರ್ಡ್’ ಎಂದು ಬರೆದು ಪಾಸ್‌ವರ್ಡನ್ನು ಹಾಗೇ ಟೈಪ್ ಮಾಡಲು ಹೇಳುತ್ತಾರೆ. ಅದನ್ನು ಖಂಡಿತ ಮಾಡಬೇಡಿ. ಕಂಪ್ಯೂಟರ್ ಮುಂದೆ ಕೂತ ಯಾರು ಬೇಕಾದರೂ ಅದನ್ನು ತೆರೆದು ಓದಬಹುದು, ಮತ್ತು ಅದು ನಿಮ್ಮ ಇಮೇಲಿನ ಪಾಸ್‌ವರ್ಡೂ ಆಗಿರಬಹುದು.

## 9. ಪಾಸ್‌ವರ್ಡೇ ಬೇಡ ಎನ್ನುವವರಿಗೆ: ಲೋಕಲ್ ಖಾತೆ

ಲೋಕಲ್ ಖಾತೆ ಎಂದರೆ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸದ, ಈ ಕಂಪ್ಯೂಟರಿಗೆ ಮಾತ್ರ ಸೇರಿದ ಖಾತೆ. ಅಪ್ಪ ಅಮ್ಮನ ಕಂಪ್ಯೂಟರಿಗೆ ನಾನು ಮಾಡುವುದು ಇದನ್ನೇ. ಸೆಟ್ಟಿಂಗ್ಸ್, ಅಕೌಂಟ್ಸ್, ‘ಯುವರ್ ಇನ್ಫೋ’, ಅಲ್ಲಿ ಲೋಕಲ್ ಖಾತೆಗೆ ಬದಲಿಸುವ ಕೊಂಡಿ ಇದೆ. ಹೊಸ ಹೆಸರು ಕೊಡಿ, ಪಾಸ್‌ವರ್ಡಿನ ಜಾಗ ಖಾಲಿ ಬಿಡಿ. ಕಂಪ್ಯೂಟರಿನಲ್ಲಿ ಇದೊಂದೇ ಖಾತೆ ಇದ್ದರೆ ಟಿಕ್ಕೂ ಬೇಡ, ಆಟೋಲಾಗಾನ್ ಕೂಡ ಬೇಡ, ನೇರ ಒಳಗೆ ಹೋಗುತ್ತದೆ. ಕಡತಗಳು ಇದ್ದಲ್ಲೇ ಇರುತ್ತವೆ. ಇಮೇಲ್ ಪಾಸ್‌ವರ್ಡ್ ಬದಲಿಸಿದರೂ ಲಾಗಿನ್ ಕೆಡುವುದಿಲ್ಲ.

ಬದಲಿಸುವ ಮೊದಲು ಒಂದು ಕೆಲಸ ಕಡ್ಡಾಯ. ಮೈಕ್ರೋಸಾಫ್ಟ್ ಖಾತೆಯಲ್ಲಿರುವ 48 ಅಂಕಿಗಳ ಬಿಟ್‌ಲಾಕರ್ ಕೀ ಇದ್ದರೆ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಹೊಸ ಕಂಪ್ಯೂಟರ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಪಾಸ್‌ವರ್ಡ್ ಇಲ್ಲದ ಖಾತೆಗೆ ಬೇರೆ ಕಂಪ್ಯೂಟರಿನಿಂದ ಫೋಲ್ಡರ್ ತೆರೆಯಲು ಆಗುವುದಿಲ್ಲ, ಅದೂ ನೆನಪಿರಲಿ.

## ಇಂಥದ್ದು ಕಂಡರೆ ಅಲ್ಲೇ ನಿಲ್ಲಿಸಿ

ಪರದೆ ತುಂಬ ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ’ ಎಂದು ಬಂದು, ಜೊತೆಗೆ ಫೋನ್ ನಂಬರ್ ಇದ್ದರೆ ಅದು ಮೋಸ. ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕರೆ ಮಾಡಬೇಡಿ, ಆಲ್ಟ್ ಹಿಡಿದು ಎಫ್4 ಒತ್ತಿ ಮುಚ್ಚಿ. ಈಗಾಗಲೇ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಗೆ ಇರುವ ಸರ್ಕಾರಿ ಸಹಾಯವಾಣಿ ಅದು.

ಖಾತೆಗಳ ಪಟ್ಟಿಯಲ್ಲಿ ನೀವು ಮಾಡದ, ಮೇಲೆ ಹೇಳಿದ ಹೆಸರುಗಳಲ್ಲೂ ಇಲ್ಲದ ಅಡ್ಮಿನ್ ಖಾತೆ ಇದ್ದರೆ ಮೊದಲು ಮನೆಯವರನ್ನು ಕೇಳಿ. ಯಾರೂ ಮಾಡಿಲ್ಲ ಎಂದಾದರೆ ಇಂಟರ್‌ನೆಟ್ ಕಿತ್ತು, ವೈರಸ್ ಸ್ಕ್ಯಾನ್ ಮಾಡಿಸಿ. ಅಲ್ಲಿಯ ತನಕ ಪಾಸ್‌ವರ್ಡ್ ತೆಗೆಯಬೇಡಿ.

ಯಾರಾದರೂ ‘ಫಾರ್ಮ್ಯಾಟ್ ಮಾಡದೆ ಆಗಲ್ಲ’ ಎಂದರೆ ಒಪ್ಪಬೇಡಿ. ನನ್ನ ಚಿಕ್ಕಮ್ಮನ ಮನೆಯ ಕಂಪ್ಯೂಟರಿಗೆ ಒಂದು ಅಂಗಡಿಯಲ್ಲಿ ಹಾಗೇ ಮಾಡಿದರು. ಹನ್ನೊಂದು ವರ್ಷದ ಫೋಟೋಗಳು ಹೋದವು, ತಂಗಿಯ ಮದುವೆಯವೂ ಸೇರಿ. ಆಮೇಲೆ ನೋಡಿದರೆ ಇದ್ದದ್ದು ಡೀಫಾಲ್ಟ್‌ಯೂಸರ್0 ತೊಂದರೆ, ಎರಡನೇ ಹಂತದ ಒಂದು ಸಾಲಿನ ಕೆಲಸ. ಅಂಗಡಿಗೆ ಕೊಡಲೇಬೇಕಾದರೆ ಒಂದನೇ ಹಂತದಲ್ಲಿ ತೆಗೆದ ಪರದೆಯ ಫೋಟೋ ತೋರಿಸಿ, ‘ಫಾರ್ಮ್ಯಾಟ್ ಮಾಡಬೇಡಿ’ ಎಂದು ರಸೀದಿಯ ಮೇಲೇ ಬರೆಸಿಕೊಳ್ಳಿ.